ಒಂದೇ ಕೈಗೆ ಎರಡು ಬ್ಯಾಂಡು

ಆ ದಿನ ಮಧ್ಯಾಹ್ನ ಪ್ರಮೋದಾಳ ಎಡಗೈಯಲ್ಲಿ ಎರಡು ಬ್ಯಾಂಡುಗಳಿದ್ದವು. ಒಂದು ಅವಳದು, ಇನ್ನೊಂದು ಅರ್ಪಿತಳದು. ಎರಡೂ ಕಾಣದ ಹಾಗೆ ಯೂನಿಫಾರ್ಮಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಇಬ್ಬರ ಪಾಲಿನ ಸೇಬನ್ನು ಒಬ್ಬಳೇ ಆರಿಸುತ್ತ ನಿಂತಿದ್ದಳು.

ಸೂಲಿಬೆಲೆ ರಸ್ತೆಯ ಆ ಹಣ್ಣಿನ ಗೋಡೌನಿಗೆ ಬ್ಯಾಂಡು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಪ್ಪು ರಬ್ಬರಿನದು, ನೋಡಲು ವಾಚಿನಂತೆಯೇ, ಆದರೆ ಹೊತ್ತು ತೋರಿಸುವುದಿಲ್ಲ. ಹೊತ್ತು ತೋರಿಸುವುದು ಕಟ್ಟಿಕೊಂಡವರಿಗಲ್ಲ, ಕಟ್ಟಿಸಿದವರಿಗೆ. ಯಾರು ಎಲ್ಲಿದ್ದಾರೆ, ಕೈ ಆಡುತ್ತಿದೆಯೋ ಇಲ್ಲವೋ ಎಂದು ಅದು ಆಫೀಸಿಗೆ ಚಾಡಿ ಹೇಳುತ್ತಿತ್ತು. ಕೈ ಸ್ವಲ್ಪ ಸುಮ್ಮನಾದರೆ ಗುರ್ರ್ ಎನ್ನುತ್ತಿತ್ತು. ಕಕ್ಕಸಿಗೆ ಹೋದದ್ದೂ ಗೊತ್ತು, ಬಂದದ್ದೂ ಗೊತ್ತು. ಹಿಂದೆ ಅತ್ತೆಯಂದಿರು ಸೊಸೆಯನ್ನು ನೀರಿಗೆ ಕಳಿಸಿ ಹೊಸಿಲಲ್ಲಿ ಕಾಯುತ್ತಿದ್ದರಂತೆ. ಆ ಅತ್ತೆಗಾದರೂ ಮಧ್ಯಾಹ್ನ ಒಂದು ಜೊಂಪು ಬರುತ್ತಿತ್ತು, ಇದಕ್ಕೆ ಅದೂ ಇಲ್ಲ.

ಇದಕ್ಕೆ ಮದ್ದು ಕಂಡುಹಿಡಿದವಳು ಪ್ರಮೋದಾಳೇ. ಅವಳು ಹಣ್ಣು ಆರಿಸುವ ಸಾಲಿನ ಟೀಮ್ ಲೀಡರ್. ಅಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಅವಳ ಊರಿನವರು, ಇಲ್ಲವೇ ಅಕ್ಕಪಕ್ಕದ ಊರಿನವರು. ಒಬ್ಬೊಬ್ಬಳ ಮನೆಗೂ ಹೋಗಿ, ಜಗಲಿಯಲ್ಲಿ ಕೂತು, ಅತ್ತೆಯ ಕೈಲಿ ಹ್ಞೂಂ ಅನ್ನಿಸಿಕೊಂಡು, "ನಿಮ್ ಸೊಸೆ ನನ್ ಜವಾಬ್ದಾರಿ" ಎಂದು ಮಾತು ಕೊಟ್ಟು ಕರೆತಂದವಳು ಅವಳು. ಅವರ ಊರ ಕಡೆ ಕಳೆಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ಪದ್ಧತಿ ಇನ್ನೂ ಪೂರ್ತಿ ಸತ್ತಿಲ್ಲ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ, ಋಣವಿದೆ. ಮುಯ್ಯಿ ತೀರಿಸದವಳ ಹೊಲಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ. ಆ ಮುಯ್ಯಿಯನ್ನೇ ಪ್ರಮೋದಾ ಗೋಡೌನಿಗೆ ತಂದಳು. ಮುಟ್ಟಿನ ಹೊಟ್ಟೆನೋವೋ, ಜ್ವರವೋ, ರಾತ್ರಿ ಗಂಡ ಕುಡಿದು ಬಂದು ನಿದ್ದೆಗೆಡಿಸಿದ್ದೋ, ಏನಾದರೂ ಇರಲಿ, ನಿನ್ನ ಬ್ಯಾಂಡು ನನ್ನ ಕೈಗೆ ಕೊಡು, ಹೋಗಿ ಸುಧಾರಿಸಿಕೋ. ನಾಳೆ ನನ್ನದು ನಿನ್ನ ಕೈಗೆ. ಆಫೀಸಿನ ಪರದೆಯ ಮೇಲೆ ಎಲ್ಲರೂ ಎತ್ತಿನ ಹಾಗೆ ದುಡಿಯುತ್ತಿದ್ದರು.

ಸುಧಾರಿಸಿಕೊಳ್ಳಲು ಜಾಗವೂ ಇತ್ತು. ಗೋಡೌನಿನ ಹಿಂಭಾಗದಲ್ಲಿ ಬಾಳೆಕಾಯಿ ಮಾಗಿಸುವ ಕೋಣೆಗಳಿವೆ. ಎಲ್ಲರೂ ಅವನ್ನು ಚೇಂಬರ್ ಎನ್ನುತ್ತಾರೆ. ಹಸಿರು ಕಾಯಿ ತುಂಬಿದ ಕ್ರೇಟುಗಳನ್ನು ಒಟ್ಟಿ, ಗಾಳಿಯಾಡದ ಬಾಗಿಲು ಮುಚ್ಚಿ, ಗ್ಯಾಸ್ ಬಿಟ್ಟರೆ ಕೆಲವೇ ದಿನಕ್ಕೆ ಹಳದಿ ಹಣ್ಣು. ಮುಚ್ಚಿದ ಮೇಲೆ ಒಳಗಿನ ಗಾಳಿ ಮನುಷ್ಯರಿಗಲ್ಲ. ತೆರೆದಿದ್ದಾಗ ಮಾತ್ರ ಅಲ್ಲಿ ಹಿತವಾದ ತಂಪು, ಒಂದಿಷ್ಟು ಕತ್ತಲೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಮೆರಾ ಇಲ್ಲ.

ಬ್ಯಾಂಡು ಹಂಚಿದ ದಿನ ಮ್ಯಾನೇಜರ್ ವಸಂತ್ ಹೇಳಿದ್ದನ್ನು ಇಲ್ಲಿ ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. "ಚೇಂಬರ್ ಬಾಗಿಲು ಹಾಕೋ ಮುಂಚೆ ಒಳಗೆ ಯಾರೂ ಇಲ್ಲ ಅಂತ ನಮಗೆ ಹೇಳೋದು ಇದೇ," ಎಂದು ಅವನು ಸ್ಪಷ್ಟವಾಗಿಯೇ ಹೇಳಿದ್ದ. ಆದರೆ ಅದೇ ಉಸಿರಿನಲ್ಲಿ ಕಕ್ಕಸಿನ ಲೆಕ್ಕ, ಕೈಯಾಡದ ಲೆಕ್ಕ, ಸಂಬಳ ಮುರಿಯುವ ಲೆಕ್ಕವನ್ನೂ ಹೇಳಿದ. ಜೀವ ಕಾಯುವ ವಸ್ತುವಿನ ಕೈಗೇ ಕೋಲು ಕೊಟ್ಟರೆ ಜನರಿಗೆ ಕಾಣುವುದು ಕೋಲು ಮಾತ್ರ.

ಅರ್ಪಿತ ಸಾಲಿನಲ್ಲೆಲ್ಲ ಚಿಕ್ಕವಳು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿ ಹೆಚ್ಚು ದಿನವಾಗಿರಲಿಲ್ಲ. ಮಗು ಸೂಲಿಬೆಲೆಯಲ್ಲಿ ಅತ್ತೆ ಸೊಣ್ಣಮ್ಮನ ಮಡಿಲಲ್ಲಿ, ಇವಳ ಎದೆ ಇಲ್ಲಿ. ಅವತ್ತು ಊಟದ ನಂತರ ಅವಳು ಪ್ರಮೋದಾಳ ಪಕ್ಕಕ್ಕೆ ಸರಿದು ನಿಂತಳು. ಮುಖ ಬಾಡಿಹೋಗಿತ್ತು.

"ಅಕ್ಕ, ಎದೆ ಕಲ್ಲಾಗ್ಬಿಟ್ಟೈತೆ ಕಣಕ್ಕ. ತಡ್ಕೊಳಕ್ಕೇ ಆಗ್ತಿಲ್ಲ. ಕಕ್ಕಸಲ್ಲಿ ಹಿಂಡಿ ಬರೋಣ ಅಂದ್ರೆ ಬೆಳಗ್ಗೆ ಒಂದ್ಸಲ ಹೋದಾಗ್ಲೇ ಗುರ್ರ್ ಅಂದ್ಬಿಡ್ತು."

"ಕೊಡು ಇಲ್ಲಿ ಬ್ಯಾಂಡ್ನ. ಮೂರನೇ ಚೇಂಬರ್‌ಗೆ ಹೋಗು. ಅರ್ಧ ಲೋಡ್ ಆಗೈತೆ, ಮಿಕ್ಕಿದ್ದು ಸಂಜೆ ಲಾರೀಲಿ ಬರೋದು. ಅಲ್ಲೀಗಂಟ ಬಾಗ್ಲು ಹಾಕಲ್ಲ. ಕ್ರೇಟ್ ಹಿಂದೆ ಗೋಡೆ ಕಡೆ ಕೂತ್ಕೊ, ಯಾರ್ಗೂ ಕಾಣಲ್ಲ. ಹಂಗೇ ಒಂಚೂರು ಕಣ್ಣು ಮುಚ್ಕೊಂಡು ಬಾ."

"ಯಾರಾದ್ರೂ ಬಂದ್ಬಿಟ್ರೆ?"

"ನಾನಿಲ್ವೇನೇ ಇಲ್ಲಿ? ಹೋಗು."

ಅರ್ಪಿತ ಹೋದಳು. ಹೋಗುವಾಗ ಒಂದು ಖಾಲಿ ಗೋಣಿಚೀಲವನ್ನು ಹಾಸಿಕೊಳ್ಳಲು ಎತ್ತಿಕೊಂಡದ್ದನ್ನು ಪ್ರಮೋದಾ ನೋಡಿದಳು. ಪಾಪದ ಹುಡುಗಿ, ರಾತ್ರಿಯೆಲ್ಲ ಮಗು ಮಲಗಲು ಬಿಡುವುದಿಲ್ಲ, ಒಂದು ಗಳಿಗೆ ನಿದ್ದೆ ಮಾಡಲಿ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕರೆ ಬಂತು. ಎಲ್ಲರೂ ಕ್ಯಾಂಟೀನಿಗೆ ಬರಬೇಕು, ಮೀಟಿಂಗ್ ಇದೆ. ಹೀಗೆ ಹಾಡುಹಗಲು ಕೆಲಸ ನಿಲ್ಲಿಸಿ ಯಾವತ್ತೂ ಕರೆದಿರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಪ್ರಮೋದಾ ಹಿಂಭಾಗದ ಕಡೆಗೆ ಎರಡು ಹೆಜ್ಜೆ ಇಟ್ಟಳು. ಆದರೆ ಸೆಕ್ಯುರಿಟಿಯ ಆಂಜಿನಪ್ಪ ಬಾಗಿಲಲ್ಲಿ ನಿಂತು, "ಈ ಕಡೆ ಬರ್ರಮ್ಮ, ಈ ಕಡೆ," ಎಂದು ಕುರಿ ಅಟ್ಟುವಂತೆ ಎಲ್ಲರನ್ನೂ ಅಟ್ಟುತ್ತಿದ್ದ. ಬ್ಯಾಂಡು ಹೇಗೂ ನನ್ನ ಕೈಯಲ್ಲಿದೆಯಲ್ಲ, ಅವಳು ಇಲ್ಲಿದ್ದಂತೆಯೇ ಲೆಕ್ಕ ಎಂದು ಸಮಾಧಾನ ಮಾಡಿಕೊಂಡು ಅವಳು ಹಿಂದಿನ ಬೆಂಚಿನಲ್ಲಿ ಕೂತಳು.

ವಸಂತ್ ಕೈಯಲ್ಲಿ ಟ್ಯಾಬ್ ಹಿಡಿದು ಬಂದ. ಆವತಿಯ ಕಡೆಯ ರೈತರ ಮಗ, ವಯಸ್ಸಿನಲ್ಲಿ ಪ್ರಮೋದಾಳಿಗಿಂತ ಚಿಕ್ಕವನು. ಅಕ್ಕ ಎಂದೇ ಕರೆಯುತ್ತಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನು ಬೈದುಕೊಂಡು ಹಗುರಾಗಬಹುದಿತ್ತು.

ಅವನು ಯಾರ ಮುಖವನ್ನೂ ನೋಡಲಿಲ್ಲ. ಟ್ಯಾಬಿನ ಮೇಲೆ ಬೆರಳಾಡಿಸಿ, "ಎಲ್ಲರೂ ಬಂದಿದ್ದೀರಾ, ಸರಿ," ಎಂದ. ಪ್ರಮೋದಾಳಿಗೆ ಉಸಿರು ಬಂತು. ಆಮೇಲೆ ಅವನು ಗೋಡೆಯ ಟಿವಿಯಲ್ಲಿ ಗೋಡೌನಿನ ನಕ್ಷೆ ತೋರಿಸಿದ. ಅದರ ಮೇಲೆ ಹಸಿರು ಚುಕ್ಕೆಗಳು ಇರುವೆಗಳಂತೆ ಹರಿದಾಡುತ್ತಿದ್ದವು.

"ಇದು ಹೋದ ವಾರದ್ದು. ಈ ಎರಡು ಚುಕ್ಕೆ ನೋಡಿ. ಒಂದನ್ನೊಂದು ಬಿಟ್ಟು ಒಂದಡಿ ಆಚೆ ಹೋಗ್ತಿಲ್ಲ. ಕಕ್ಕಸಿಗೂ ಒಟ್ಟಿಗೆ ಹೋಗ್ತವೆ, ಒಟ್ಟಿಗೆ ಬರ್ತವೆ. ಅಷ್ಟೊಂದು ಪ್ರೀತಿ ಗಂಡ ಹೆಂಡ್ತೀಲೂ ನಾನು ನೋಡಿಲ್ಲಮ್ಮ."

ಯಾರೋ ಒಬ್ಬಳು ನಗಲು ಹೋಗಿ ನುಂಗಿಕೊಂಡಳು.

"ಯಾರ ಬ್ಯಾಂಡು ಯಾರ ಕೈಲಿತ್ತು ಅಂತ ನಂಗೆ ಗೊತ್ತು. ಇವತ್ತು ಹೆಸರು ಹೇಳಲ್ಲ. ಆದ್ರೆ ಇವತ್ತಿಂದ ಸಿಕ್ಕಿಬಿದ್ದೋರು ಗೇಟಿನಾಚೆ. ಕೊಟ್ಟೋಳೂ ಆಚೆ, ಹಾಕ್ಕೊಂಡೋಳೂ ಆಚೆ, ಅವರ ಟೀಮ್ ಲೀಡರೂ ಆಚೆ."

ತೋಳಿನೊಳಗೆ ಎರಡು ಬ್ಯಾಂಡೂ ಒಮ್ಮೆಲೇ ಗುರ್ರ್ ಎಂದವು. ಕೈ ಸುಮ್ಮನಿತ್ತಲ್ಲ! ಪ್ರಮೋದಾ ಬೆಚ್ಚಿ ಕೈಯನ್ನು ತೊಡೆಗೆ ಒತ್ತಿಕೊಂಡಳು. ಕ್ಯಾಂಟೀನಿನ ತುಂಬ ಎಲ್ಲರ ಮಣಿಕಟ್ಟೂ ಗುರುಗುಡುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಗ ಫೋರ್ಕ್‌ಲಿಫ್ಟ್ ಓಡಿಸುವ ಮುನಿರಾಜ್ ಬಾಗಿಲಲ್ಲಿ ತಲೆ ಹಾಕಿದ. ಬೆವರು ಸುರಿಯುತ್ತಿತ್ತು. ಅವನ ಕೈಯಲ್ಲೂ ಅದೇ ಬ್ಯಾಂಡು, ಅವನಿಗೂ ಅದೇ ಅವಸರ.

"ಸಾರ್, ತಮಿಳುನಾಡು ಲಾರಿ ಬೇಗ ಬಂದ್ಬಿಡ್ತು. ಮೂರನೇ ಚೇಂಬರ್ ಫುಲ್ ಲೋಡ್ ಮಾಡ್ಬಿಟ್ಟೆ. ಬಾಗ್ಲು ಹಾಕ್ಬಿಡ್ಲಾ?"

ವಸಂತ್ ಟ್ಯಾಬ್ ನೋಡಿದ. "ಖಾಲಿ ತೋರಿಸ್ತಿದೆ. ಹಾಕು. ಗ್ಯಾಸೂ ಬಿಟ್ಬಿಡು."

ಮುನಿರಾಜ್ ಹೋದ.

ಮೂರನೇ ಚೇಂಬರ್ ಎಂದದ್ದು ಪ್ರಮೋದಾಳಿಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಕೂಗಬೇಕಿತ್ತು. ಬಾಯಿ ತೆರೆಯಲೂ ತೆರೆದಳು. ಆದರೆ ಬಾಯಿಗಿಂತ ಮುಂಚೆ ಬುದ್ಧಿ ಓಡಿತು. ಅರ್ಪಿತ ಏನು ಚಿಕ್ಕ ಮಗುವೇ? ಫೋರ್ಕ್‌ಲಿಫ್ಟು ಬಂದ ಸದ್ದಿಗೆ ಎದ್ದು ಬಂದಿರುತ್ತಾಳೆ. ಎಲ್ಲೋ ಕಕ್ಕಸಿನ ಹತ್ತಿರ ಅಡಗಿ ನಿಂತಿರುತ್ತಾಳೆ. ಈಗ ನಾನು ಕೂಗಿದೆನೆಂದರೆ ಅವಳ ಕೆಲಸ ಹೋಯಿತು, ನನ್ನ ಕೆಲಸ ಹೋಯಿತು, ಇವನ ಹತ್ತಿರವಿರುವ ಚುಕ್ಕೆಗಳೆಲ್ಲ ಒಂದೊಂದಾಗಿ ಹೊರಬಂದು ಇಡೀ ಸಾಲೇ ಮನೆಗೆ. ಯಾರ ಜಗಲಿಗೆ ಹೋಗಿ ಏನೆಂದು ಹೇಳಲಿ? ಮೀಟಿಂಗ್ ಈಗ ಮುಗಿದುಬಿಡುತ್ತದೆ. ಮುಗಿದ ಕೂಡಲೇ ಓಡಿಹೋಗಿ ನೋಡಿದರಾಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅವಳು ಕೂತಳು, ನುಂಗಲಿಲ್ಲ, ಉಗುಳಲಿಲ್ಲ.

"ಅರ್ಪಿತ ಎಲ್ಲೆ?" ಎಂದು ಪಕ್ಕದಲ್ಲಿದ್ದ ಆದಿಲಕ್ಷ್ಮಮ್ಮ ಪಿಸುಗುಟ್ಟಿದಳು. ಸಾಲಿನಲ್ಲಿ ಹಿರಿಯಳು, ಯಾರಿಗೂ ಹೆದರದ ಹೆಂಗಸು.

"ಇಲ್ಲೇ ಮುಂದೆ ಎಲ್ಲೋ ಕೂತವಳೆ," ಎಂದಳು ಪ್ರಮೋದಾ.

ಸುಳ್ಳು ಅಷ್ಟು ಸಲೀಸಾಗಿ ಬಂತು. ಟೀ ಬಂತು. ಪ್ರಮೋದಾ ಎರಡೂ ಕೈಯಲ್ಲಿ ಗ್ಲಾಸು ತೆಗೆದುಕೊಂಡಳು, ಬೇಡ ಎಂದರೆ ಅನುಮಾನ ಬರುತ್ತದೆಂದು ಕುಡಿದೂ ಕುಡಿದಳು. ಆ ಟೀಗೆ ಏಲಕ್ಕಿ ಹಾಕಿದ್ದರು. ಅದಾದ ಮೇಲೆ ಅವಳು ಏಲಕ್ಕಿ ಹಾಕಿದ ಟೀ ಕುಡಿದಿಲ್ಲ.

ಮೀಟಿಂಗ್ ಮುಗಿಯಲಿಲ್ಲ. ಆದಿಲಕ್ಷ್ಮಮ್ಮ ಎದ್ದು ನಿಂತಳು.

"ಸಾರ್, ಒಂದು ಮಾತು. ನೀವು ಕೊಡೋ ಸಂಬಳಕ್ಕೆ ನಾವು ಕೆಲ್ಸ ಮಾಡ್ತೀವಿ, ಇಲ್ಲ ಅನ್ನಲ್ಲ. ಹಣ್ಣು ಕಮ್ಮಿ ಆರ್ಸಿದ್ರೆ ಕೇಳಿ. ಆದ್ರೆ ನಾನು ಎಷ್ಟು ಸಲ ಉಚ್ಚೆಗೆ ಹೋದೆ ಅಂತ ನಿಮ್ಗೆ ಯಾಕ್ ಸಾರ್? ನನ್ ಗಂಡನೂ ಲೆಕ್ಕ ಇಟ್ಟಿಲ್ಲ."

ಈ ಸಲ ಎಲ್ಲರೂ ನಕ್ಕರು. ವಸಂತನ ಕಿವಿ ಕೆಂಪಾಯಿತು.

"ಆದಿಲಕ್ಷ್ಮಮ್ಮೋರೇ, ಅದು ನಂಗೂ ಇಷ್ಟ ಇಲ್ಲ. ಮೇಲಿನೋರು ಕೇಳ್ತಾರೆ. ದಿನಾ ಇಷ್ಟು ಮಾಲು ಹೋಗ್ಲೇಬೇಕು ಅಂತಾರೆ. ನನ್ನ ಕೈಯಲ್ಲಿ ಬ್ಯಾಂಡಿಲ್ಲ ಅಷ್ಟೇ, ಕತ್ತಲ್ಲಿ ಐತೆ."

"ಹಂಗಾದ್ರೆ ಚೇಂಬರ್ ಬಾಗ್ಲ ಕಾಯಕ್ಕೆ ಒಂದು ಬ್ಯಾಂಡ್ ಕೊಡಿ, ಸಂತೋಷವಾಗಿ ಹಾಕ್ಕೊತೀವಿ. ನಮ್ಮನ್ನ ಕಾಯಕ್ಕೆ ಅಂತ ಕೊಟ್ರೆ ಬಿಚ್ತೀವಿ. ಮನುಷ್ರಲ್ವಾ ನಾವು? ಒಬ್ಬಳ ಕಷ್ಟಕ್ಕೆ ಒಬ್ಬಳು ಆಗೋದು ತಪ್ಪಾ?"

ಮಾತು ಎಷ್ಟು ಸರಿಯಾಗಿತ್ತೆಂದರೆ ಹೆಂಗಸರೆಲ್ಲ ಹೌದು ಹೌದು ಎಂದರು. ಬೇರೆ ದಿನವಾಗಿದ್ದರೆ ಪ್ರಮೋದಾಳೇ ಚಪ್ಪಾಳೆ ಹೊಡೆಯುತ್ತಿದ್ದಳು. ಈಗ ಅವಳಿಗೆ ಒಂದೊಂದು ಮಾತೂ ಎದೆಯ ಮೇಲೆ ಕಲ್ಲಿಟ್ಟಂತಾಗುತ್ತಿತ್ತು. ಸಾಕು ಕೂತ್ಕೊಳ್ಳೇ, ಮುಗಿಸ್ರೋ, ಎಂದು ಒಳಗೇ ಬೇಡಿಕೊಳ್ಳುತ್ತಿದ್ದಳು. ಕ್ಯಾಂಟೀನಿನ ಬಾಗಿಲನ್ನೇ ನೋಡುತ್ತಿದ್ದಳು. ಅರ್ಪಿತ ತಲೆ ತಗ್ಗಿಸಿಕೊಂಡು ಒಳಗೆ ನುಸುಳಿ ಬರಬಹುದು ಎಂದು ಕಾದಳು. ಯಾರೂ ಬರಲಿಲ್ಲ.

ವಸಂತ್ ಟ್ಯಾಬನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದ. "ತಪ್ಪು ಅಂತ ನಾನು ಹೇಳಲ್ಲಮ್ಮ. ನಮ್ಮನೇಲೂ ಮುಯ್ಯಾಳು ಬರೋರು, ನಮ್ಮಮ್ಮನೂ ಹೋಗೋರು. ಆದ್ರೆ ಅದು ಹೊಲ. ಹೊಲಕ್ಕೆ ಬಾಗಿಲು ಇರಲ್ಲ."

ಪ್ರಮೋದಾ ಎದ್ದು ನಿಂತಳು. ಗ್ಲಾಸು ಉರುಳಿತು.

"ಸಾರ್, ಅರ್ಪಿತ ಒಳಗವಳೆ. ಮೂರನೇದ್ರಲ್ಲಿ."

ವಸಂತ್ ಅವಳನ್ನು ನೋಡಿ, ಟ್ಯಾಬನ್ನು ನೋಡಿದ. "ಏನ್ ಪ್ರಮೋದಕ್ಕ, ಇಲ್ಲೇ ಇದಾಳಲ್ಲ. ನಿಮ್ಮ ಪಕ್ಕದಲ್ಲೇ ತೋರಿಸ್ತಿದೆ."

ಅವಳು ತೋಳು ಮೇಲಕ್ಕೆಳೆದು ಕೈ ಎತ್ತಿ ಹಿಡಿದಳು. ಒಂದರ ಮೇಲೊಂದು ಎರಡು ಬ್ಯಾಂಡು. ಎರಡರಲ್ಲೂ ಹಸಿರು ದೀಪ.

ಮುಂದಿನದೆಲ್ಲ ಓಟವೇ. ವಸಂತ್ ಎಲ್ಲರಿಗಿಂತ ಮುಂದೆ ಓಡಿದ, ಅದನ್ನು ಒಪ್ಪಬೇಕು. ಗ್ಯಾಸ್ ನಿಲ್ಲಿಸಿ ಬಾಗಿಲು ಎಳೆದರು. ಎದುರಿಗೆ ಕ್ರೇಟುಗಳ ಗೋಡೆ. ಬಾಗಿಲಿನ ಹತ್ತಿರ ಒಬ್ಬರು ನಿಲ್ಲುವಷ್ಟು ಜಾಗ ಬಿಡಬೇಕೆಂಬ ನಿಯಮವಿತ್ತು. ಒಳಗಿನಿಂದ ಬಾಗಿಲು ತೆರೆಯುವ ಹಿಡಿಯೂ ಇತ್ತು. ಅವಸರದಲ್ಲಿ ಮುನಿರಾಜ್ ಮಾಲನ್ನು ಬಾಗಿಲವರೆಗೂ ಒತ್ತಿ ಒಟ್ಟಿದ್ದ, ಹಿಡಿ ಅದರ ಹಿಂದೆ ಹೂತುಹೋಗಿತ್ತು. ಫ್ಯಾನುಗಳ ಮೊರೆತದಲ್ಲಿ ಪ್ರಮೋದಾ ಅರ್ಪಿತಾ ಅರ್ಪಿತಾ ಎಂದು ಕಿರುಚಿದಳು. ಉತ್ತರವಿಲ್ಲ. ಮುನಿರಾಜ್ ಅಳುತ್ತಲೇ ಕ್ರೇಟುಗಳನ್ನು ಈಚೆಗೆ ಎಳೆದ.

ಅರ್ಪಿತ ಕ್ರೇಟುಗಳ ರಾಶಿಯ ನಡುವೆ ಬಿದ್ದಿದ್ದಳು. ಬಾಗಿಲು ಮುಚ್ಚಿದ ಮೇಲೆ ಎಚ್ಚರವಾಗಿ, ಕತ್ತಲೆಯಲ್ಲಿ ಕ್ರೇಟು ಹತ್ತಿ ಬಾಗಿಲ ಕಡೆ ಬರಲು ನೋಡಿದ್ದಳು. ರಾಶಿ ಜಾರಿ ಅವಳ ಮೇಲೆಯೇ ಕುಸಿದಿತ್ತು. ಎಡಗೈ ಮೈಯಡಿ ಸಿಕ್ಕಿ ತಿರುಚಿಕೊಂಡಿತ್ತು. ಉಗುರುಗಳಲ್ಲಿ ರಕ್ತ. ಯೂನಿಫಾರ್ಮಿನ ಗುಂಡಿಗಳು ಇನ್ನೂ ಬಿಚ್ಚಿಯೇ ಇದ್ದವು, ಆದಿಲಕ್ಷ್ಮಮ್ಮ ತನ್ನ ವೇಲು ತೆಗೆದು ಹೊದಿಸಿದಳು. ಉಸಿರು ಇದೆಯೋ ಇಲ್ಲವೋ ಎಂದು ಯಾರಿಗೂ ಹೇಳಲಾಗಲಿಲ್ಲ.

ಉಸಿರಿತ್ತು. ಹೊಸಕೋಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸೊಣ್ಣಮ್ಮ ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ಪ್ರಮೋದಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ, ಕೆಲ್ಸ ಹೋದ್ರೂ ಹೋಗ್ಲಿ ಅಂತ ಎದ್ದು ಹೇಳ್ದೆಯಂತೆ," ಎಂದು ಅತ್ತಳು. ಮುನಿರಾಜ್ ಬಂದು ಹೋದ ಎಷ್ಟು ಹೊತ್ತಿಗೆ ಎದ್ದಳೆಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಪ್ರಮೋದಾ ಕೈ ಬಿಡಿಸಿಕೊಂಡಳು.

ಮೂರನೆಯ ದಿನ ವಸಂತ್ ಅವಳನ್ನು ಆಫೀಸಿಗೆ ಕರೆದ. ಮುಖದಲ್ಲಿ ನಿದ್ದೆಯಿರಲಿಲ್ಲ. ಕೂರಿ ಅಕ್ಕ ಎಂದು ಕುರ್ಚಿ ತೋರಿಸಿ, ಟ್ಯಾಬನ್ನು ಅವಳ ಕಡೆ ತಿರುಗಿಸಿದ.

"ಇದು ಅವತ್ತಿಂದು. ಇಲ್ಲಿ ಮುನಿರಾಜ್ ಬಂದು ಕೇಳಿದ್ದು. ಇಲ್ಲಿ ನೀವು ಎದ್ದಿದ್ದು." ಅವನ ಬೆರಳು ಎರಡರ ನಡುವಿನ ಗೆರೆಯ ಮೇಲೆ ನಿಧಾನವಾಗಿ ಹರಿಯಿತು. ಕೈ ಆಡಿದ್ದನ್ನು ತೋರಿಸುವ ಆ ಗೆರೆ ಉದ್ದಕ್ಕೂ ಸಪಾಟಾಗಿತ್ತು. ನಡುವೆ ಒಂದು ಕಡೆ ಮಾತ್ರ ಸಣ್ಣ ಏರಿಳಿತ. "ಇಲ್ಲಿ ಟೀ ಕುಡ್ದಿದೀರಾ."

ಪ್ರಮೋದಾ ಟ್ಯಾಬಿನಿಂದ ಕಣ್ಣು ತೆಗೆದಳು.

"ನಾನು ಯಾರಿಗೂ ತೋರಿಸಲ್ಲ ಅಕ್ಕ. ದೇವರಾಣೆ. ನೀವು ಹೆದರಿಕೊಂಡಿದ್ರಿ, ನಂಗೆ ಅರ್ಥ ಆಗುತ್ತೆ. ನಾನೂ ಅವತ್ತು ತಲೆ ಎಣಿಸ್ಲಿಲ್ಲ. ಮುನಿರಾಜ್ ಜಾಗ ಬಿಡ್ಲಿಲ್ಲ. ಎಲ್ಲರದ್ದೂ ಒಂದೊಂದು ಇರುತ್ತೆ." ಅವನು ಟ್ಯಾಬನ್ನು ಮಗುಚಿ ಇಟ್ಟ. "ನಾಳೆ ಬೆಂಗಳೂರಿಂದ ಮೇಲಿನೋರು ಕೇಳೋಕೆ ಬರ್ತಾರೆ. ಬ್ಯಾಂಡ್ ಬಿಚ್ಚಿದ್ದಕ್ಕೇ ಹೀಗಾಯ್ತು ಅಂತ ಹೇಳಿದ್ರೆ ಸಾಕು. ಅದು ಸುಳ್ಳಲ್ಲವಲ್ಲ? ಬಾಗಿಲ ವಿಷಯ, ಹಿಡಿ ವಿಷಯ ಬೇಡ. ಯಾರ ಕೆಲಸವೂ ಹೋಗದ ಹಾಗೆ ನಾನು ನೋಡ್ಕೋತೀನಿ. ಅರ್ಪಿತಳ ಆಸ್ಪತ್ರೆ ಖರ್ಚು ಕಂಪನೀದೇ."

ಅವನ ದನಿಯಲ್ಲಿ ಬೆದರಿಕೆ ಇರಲೇ ಇಲ್ಲ. ತಮ್ಮನೊಬ್ಬ ಅಕ್ಕನ ಹತ್ತಿರ ಮನೆಯ ಮಾತಾಡಿದ ಹಾಗಿತ್ತು. ಪ್ರಮೋದಾಳಿಗೆ ಭಯವಾದದ್ದು ಅದಕ್ಕೇ. ಬೈದಿದ್ದರೆ ಎದುರು ಮಾತಾಡುತ್ತಿದ್ದಳು.

ಬೆಂಗಳೂರಿನವರು ಬಂದರು, ಕೇಳಿದರು. ಪ್ರಮೋದಾ ಹೇಳಿದಳು. ಸುಳ್ಳು ಒಂದನ್ನೂ ಹೇಳಲಿಲ್ಲ, ಬ್ಯಾಂಡು ಬಿಚ್ಚಿದ್ದಕ್ಕೇ ಹೀಗಾಯಿತು ಎಂದಳು. ಬಾಗಿಲ ಹತ್ತಿರದ ಕ್ರೇಟುಗಳ ಬಗ್ಗೆ ಅವರು ಕೇಳಲಿಲ್ಲ. ಇವಳು ತಾನಾಗಿ ಹೇಳಲಿಲ್ಲ. ಮುನಿರಾಜ್ ಅವಳನ್ನು ಕಂಡಾಗಲೆಲ್ಲ ಕೈ ಮುಗಿಯಲು ಶುರು ಮಾಡಿದ. ಆದಿಲಕ್ಷ್ಮಮ್ಮ ಮಾತ್ರ, "ಹಿಡಿ ಮುಚ್ಚೋಗಿತ್ತು ಅಂತ ಯಾಕೆ ಹೇಳ್ಲಿಲ್ವೆ? ಎಲ್ಲಾ ನಮ್ ತಲೆ ಮೇಲೇ ಬಂತಲ್ಲ," ಎಂದು ಒಂದು ದಿನ ವ್ಯಾನಿನಲ್ಲಿ ಕೇಳಿದಳು. ಪ್ರಮೋದಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಆ ವ್ಯಾನಿನಲ್ಲಿ ಅವಳ ಜೊತೆ ಯಾರೂ ಮನಸ್ಸು ಬಿಚ್ಚಿ ಮಾತಾಡಲಿಲ್ಲ.

ಹೊಸ ಬ್ಯಾಂಡುಗಳು ಬಂದವು. ಇವು ಬಕಲ್ ಇರುವವಲ್ಲ. ಒಮ್ಮೆ ಒತ್ತಿದರೆ ಸಂಜೆ ಗೇಟಿನ ಬಳಿಯ ಮೆಷಿನ್ ಬಿಡಿಸುವವರೆಗೂ ಬಿಚ್ಚುವುದಿಲ್ಲ. ಕಕ್ಕಸಿನ ಲೆಕ್ಕ ಹಾಗೆಯೇ ಉಳಿಯಿತು. ಮೊದಲಾಗಿದ್ದರೆ ದೊಂಬಿಯಾಗುತ್ತಿತ್ತು. ಈಗ ಎದುರು ಆಡುವ ಬಾಯಿ ಯಾರಿಗೂ ಇರಲಿಲ್ಲ, ಆದಿಲಕ್ಷ್ಮಮ್ಮನಿಗೂ. ಬೆಳಗ್ಗೆ ಒಬ್ಬೊಬ್ಬರ ಕೈಗೆ ಹಾಕಿ ಒತ್ತುವ ಕೆಲಸವನ್ನು ವಸಂತ್ ಪ್ರಮೋದಾಳಿಗೇ ಕೊಟ್ಟ. "ನಿಮ್ಮ ಮಾತು ಕೇಳ್ತಾರೆ ಅಕ್ಕ," ಎಂದ.

ಅರ್ಪಿತ ಮರಳಿ ಬಂದದ್ದು ದೀಪಾವಳಿಯ ಆಚೆಗೆ. ಬಡಕಲಾಗಿದ್ದಳು. ಎಡಗೈಯ ಮೂಳೆ ಕೂಡಿದ್ದರೂ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಬಲಗೈಯನ್ನು ಮುಂದೆ ಚಾಚಿದಳು.

"ಮಗು ಹೆಂಗೈತೆ?" ಎಂದು ಪ್ರಮೋದಾ ಕೇಳಿದಳು.

"ಚೆನ್ನಾಗೈತಕ್ಕ. ನಂಗೆ ಹಾಲು ನಿಂತೋಯ್ತು. ಬಾಟ್ಲಿ ರೂಢಿ ಆಗೈತೆ." ಅವಳು ನಕ್ಕಳು. "ಇನ್ಮೇಲೆ ಬೇರೆ ಕಡೆ ಹೋಗೋ ಕೆಲ್ಸಾನೇ ಇಲ್ಲ ಬಿಡು."

ಪ್ರಮೋದಾ ಬ್ಯಾಂಡನ್ನು ಅವಳ ಮಣಿಕಟ್ಟಿಗೆ ಸುತ್ತಿದಳು. ಒತ್ತದೆ ಹಾಗೆಯೇ ಹಿಡಿದುಕೊಂಡಳು. ಆಫೀಸಿನ ಗಾಜಿನಾಚೆ ವಸಂತ್ ಕೂತಿದ್ದ. ಇವರ ಕಡೆ ನೋಡುತ್ತಿದ್ದನೋ ಪರದೆಯನ್ನು ನೋಡುತ್ತಿದ್ದನೋ ತಿಳಿಯಲಿಲ್ಲ.

"ಬಿಗಿಯಾಗೇ ಹಾಕಕ್ಕ, ನೀನು ಹಾಕಿದ್ರೆ ನಂಗೆ ಭಯ ಇಲ್ಲ," ಎಂದಳು ಅರ್ಪಿತ. "ಮುನಿರಾಜಣ್ಣ ಹೇಳಿದ್ ತಕ್ಷಣ ನೀನು ಎದ್ದು ಕೂಗ್ದೆಯಂತಲ್ಲ, ಅತ್ತೆ ದಿನಾ ಹೇಳುತ್ತೆ. ಒಂದು ಗಳಿಗೆ ನೀನು ಸುಮ್ನೆ ಕೂತಿದ್ರೆ ನನ್ ಮಗೀಗೆ ತಾಯಿ ಇರ್ತಿರ್ಲಿಲ್ಲ."

ಪ್ರಮೋದಾ ಅವಳ ಮುಖ ನೋಡದೆ ಹೆಬ್ಬೆರಳಿನಿಂದ ಒತ್ತಿದಳು. ಬ್ಯಾಂಡು ಟಕ್ ಎಂದು ಕೂಡಿಕೊಂಡಿತು, ಹಸಿರು ದೀಪ ಹತ್ತಿತು. ಅರ್ಪಿತ ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು.

"ಮುಂದಿನೋರು ಬನ್ರಮ್ಮ," ಎಂದು ಪ್ರಮೋದಾ ಕರೆದಳು.